ಜೀಪು ನಿಲ್ಲದ ಪೇಟೆ

ಸುಲೋಚನಮ್ಮ ನೇರಳಕೊಪ್ಪ ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿ ಒಂದೂವರೆ ವರ್ಷವಾಗಿತ್ತು. ಕಸುಬು ಮಾತ್ರ ಹಿಂದಿನಿಂದಲೂ ಹೊಲಿಗೆಯೇ. ಪೇಟೆ ಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಸಭೆಯಿಲ್ಲದ ದಿನ ಅವರು ಹೊಲಿಗೆ ಮಿಷನ್ನಿನ ಮುಂದೆ ಕೂತೇ ಜನರ ಅಹವಾಲು ಕೇಳುತ್ತಿದ್ದರು. ಬೀದಿ ದೀಪದ ಕಥೆ ಹೇಳಲು ಬಂದವರು ಎಷ್ಟೋ ಸಲ ಅಂಗಿಗೆ ಗುಂಡಿ ಹಾಕಿಸಿಕೊಂಡು ಹೋದದ್ದೂ ಉಂಟು.

ಪೇಟೆ ಎಂದರೆ ಒಂದೇ ಬೀದಿ, ನಲವತ್ತೆರಡು ಅಂಗಡಿ. ಹೆದ್ದಾರಿ ಅಗಲವಾದ ಮೇಲೆ ಬಸ್ಸುಗಳು ಒಳಗೆ ತಿರುಗುವುದನ್ನು ಬಿಟ್ಟು ನೇರವಾಗಿ ಮುಂದಿನ ಪೇಟೆಯಾದ ಸುಂಟಿಕೊಪ್ಪಕ್ಕೆ ಹೋಗತೊಡಗಿದವು. ಒಂದೊಂದಾಗಿ ಹದಿನೆಂಟು ಅಂಗಡಿಗಳ ಶಟರ್ ಕೆಳಗಿಳಿದಿತ್ತು. ಉಳಿದವರು ಬೆಳಿಗ್ಗೆ ಬಾಗಿಲು ತೆಗೆದು, ಪೇಪರ್ ಓದಿ, ಮಧ್ಯಾಹ್ನ ಊಟಕ್ಕೆ ಹೋಗಿ ಮಲಗುತ್ತಿದ್ದರು.

ಅಂಥ ಹೊತ್ತಿನಲ್ಲಿ ಮಡಿಕೇರಿಯ ಜಿಲ್ಲಾ ಕಚೇರಿಯಿಂದ ಪತ್ರ ಬಂತು. ಸೊರಗಿದ ಸಣ್ಣ ಪೇಟೆಗಳಿಗೆ ಮತ್ತೆ ಜೀವ ತುಂಬಲು ಅನುದಾನವಿದೆ, ಆರು ವಾರದೊಳಗೆ ಯೋಜನೆ ಕಳುಹಿಸಿ ಎಂದು ಅದರಲ್ಲಿತ್ತು. ಪಂಚಾಯಿತಿಯವರು ಮೈಸೂರಿನಿಂದ ಕಿರಣ್‌ಕುಮಾರ್ ಎಂಬ ಯೋಜನಾ ತಜ್ಞನನ್ನು ಕರೆಸಿದರು. ಚುರುಕಾದ ಮನುಷ್ಯ. ಗೋಡೆಯ ಮೇಲೆ ಚಿತ್ರ ಹಾಕಿ ತೋರಿಸಿದ. ಊರ ಹಿಂದಿನ ಗುಡ್ಡದ ಮೇಲೆ ಎತ್ತರದ ಗೋಪುರ, ಅದರ ತುದಿಯಲ್ಲಿ ಗಾಜಿನ ನೆಲ, ಕೆಳಗೆ ಮಂಜು. ನೋಡಿದ ಸದಸ್ಯರೆಲ್ಲ ತಲೆದೂಗಿದರು.

ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ಮರುಳಸಿದ್ದಪ್ಪನವರಿಗೆ. ಅವರು ಸದಸ್ಯರಲ್ಲೇ ಹಿರಿಯರು. ಒಂದು ಕಾಲಕ್ಕೆ ಪೇಟೆಯ ದೊಡ್ಡ ದಿನಸಿ ವ್ಯಾಪಾರಿ. ಹೆದ್ದಾರಿಯಿಂದ ಪೇಟೆಗೆ ತಿರುಗುವ ಮೂಲೆಯಲ್ಲಿ ಅವರ ಹೆಂಚಿನ ಗೋದಾಮು ಎಂಟು ವರ್ಷದಿಂದ ಖಾಲಿ ಬಿದ್ದಿತ್ತು. ಗೋಪುರ ಬಂದರೆ ಅಲ್ಲೊಂದು ಹೋಟೆಲು ಮಾಡಬಹುದು ಎಂದು ಕಿರಣ್‌ಕುಮಾರ್ ನಕ್ಷೆಯಲ್ಲಿ ಬಣ್ಣ ತುಂಬಿ ತೋರಿಸಿದ್ದ.

ಸುಲೋಚನಮ್ಮ ಕೊನೆಗೆ ಒಂದು ಪ್ರಶ್ನೆ ಕೇಳಿದರು.

"ಗೋಪುರ ನೋಡಿ ಇಳಿದೋರು ನಮ್ಮ ಬೀದೀಲಿ ಏನು ತಗೊಳ್ತಾರೆ ಸಾರ್?"

"ಹೋಮ್‌ಮೇಡ್ ಚಾಕೊಲೇಟು, ಜೇನು, ಕಾಫಿ ಪುಡಿ... ಹೀಗೆ ಮೇಡಂ."

"ನಮ್ಮಲ್ಲಿರೋದು ದಿನಸಿ, ಬಟ್ಟೆ, ಕತ್ತಿ ಗುದ್ದಲಿ, ಸೈಕಲ್ ರಿಪೇರಿ. ಇವರೆಲ್ಲ ಏನು ಮಾಡ್ಬೇಕು?"

ಕಿರಣ್‌ಕುಮಾರ್ ಅದಕ್ಕೂ ಏನೋ ಹೇಳಿದ. ಸುಲೋಚನಮ್ಮ ಗೋಪುರ ಬೇಡವೆನ್ನಲಿಲ್ಲ. ಹತ್ತು ದಿನ ಸಮಯ ಕೊಡಿ, ಆಮೇಲೆ ತೀರ್ಮಾನ ಮಾಡೋಣ ಎಂದರು.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಅಮೃತಾಗೆ ಇಪ್ಪತ್ತೊಂಬತ್ತು ವರ್ಷ. ಹಾಸನದ ಕಡೆಯವಳು, ಬಂದು ವರ್ಷವಾಗಿತ್ತು. ಹತ್ತು ದಿನದಲ್ಲಿ ಏನು ಮಾಡುವುದು ಎಂದು ಅವಳು ಕೇಳಿದಾಗ ಸುಲೋಚನಮ್ಮ ಹೇಳಿದರು: "ಅಂಗಡಿಯೋರ್ನ ಕೇಳಿದ್ರೆ ಗಿರಾಕಿ ಬರಲ್ಲ ಅಂತಾರೆ. ಅದು ಗೊತ್ತಿರೋದೇ. ಬರದೆ ಇರೋರ್ನ ಕೇಳ್ಬೇಕಲ್ವ ಮೇಡಂ?"

ಭಾನುವಾರ ಬೆಳಿಗ್ಗೆ ಇಬ್ಬರೂ ಹೆದ್ದಾರಿಯ ತಿರುವಿನಲ್ಲಿ ಕೂತರು. ಶನಿವಾರ ಕಾಫಿ ಎಸ್ಟೇಟುಗಳಲ್ಲಿ ವಾರದ ಕೂಲಿ ಬಟವಾಡೆ ಆಗುತ್ತದೆ. ಭಾನುವಾರ ತೋಟದ ಸಾಲುಮನೆಗಳಾದ ಲೈನುಗಳಿಂದ ಆಳುಗಳು ವಾರದ ಸಾಮಾನಿಗೆ ಜೀಪು ಹತ್ತುತ್ತಾರೆ. ಮಧ್ಯಾಹ್ನದೊಳಗೆ ಇಪ್ಪತ್ತಮೂರು ಜೀಪು ಹೋದವು. ಒಂದೂ ಪೇಟೆಯ ಕಡೆ ತಿರುಗಲಿಲ್ಲ.

ಮಂಗಳವಾರ ಸಂಜೆ ಅವರು ಹತ್ತಿರದ ಒಂದು ಎಸ್ಟೇಟಿನ ಲೈನಿಗೆ ಹೋದರು. ಗಂಡಸರು ಮುಂದೆ ಬಂದು ಮಾತಾಡಿದರು. ನೇರಳಕೊಪ್ಪದಲ್ಲಿ ರೇಟು ಜಾಸ್ತಿ ಎಂದ ಒಬ್ಬ, ಬೇಕಾದ್ದು ಸಿಗುವುದಿಲ್ಲ ಎಂದ ಇನ್ನೊಬ್ಬ. ಅಮೃತಾ ಎಲ್ಲವನ್ನೂ ಬರೆದುಕೊಂಡಳು. ವಾಪಸು ಹೊರಟಾಗ ಮುದ್ದಿ ಎಂಬ ಹೆಂಗಸು ಗೇಟಿನ ತನಕ ಜೊತೆಗೆ ಬಂದಳು. ಇಪ್ಪತ್ತು ವರ್ಷದಿಂದ ಆ ತೋಟದಲ್ಲೇ ಕಾಫಿ ಕುಯ್ಯುವವಳು.

"ಇದನ್ನ ಬರೀಬೇಡಿ ಮೇಡಂ," ಎಂದು ಶುರು ಮಾಡಿದಳು. "ನಿಮ್ಮ ಪೇಟೇಲಿ ಹೆಂಗಸ್ರಿಗೆ ಹೋಗೋಕೆ ಜಾಗ ಎಲ್ಲಿದೆ ಅಕ್ಕ? ಬಸ್‌ಸ್ಟ್ಯಾಂಡ್ ಹಿಂದೆ ಒಂದಿತ್ತು, ಬಿದ್ದೋಯ್ತು. ಬೆಳಗ್ಗೆ ಜೀಪು ಹತ್ತಿದ್ರೆ ವಾಪಸ್ ಬರೋದು ಮೂರು ಗಂಟೆಗೆ. ಅಲ್ಲೀತನಕ ಹೆಂಗಿರೋದು? ಸುಂಟಿಕೊಪ್ಪದಲ್ಲಿ ಆ ತೊಂದ್ರೆ ಇಲ್ಲ. ನೆರಳಲ್ಲಿ ಕೂರೋಕೂ ಆಗ್ತದೆ."

"ಗಂಡಸ್ರು ರೇಟಿನ ಮಾತು ಹೇಳಿದ್ರಲ್ಲ?" ಎಂದಳು ಅಮೃತಾ.

"ಅವರಿಗೇನು ಗೊತ್ತು? ಜೀಪು ಎಲ್ಲಿಗೆ ಹೋಗ್ಬೇಕು ಅಂತ ಹೇಳೋದು ನಾವು. ಅವರು ಜೊತೇಲಿ ಬರ್ತಾರೆ, ಅಷ್ಟೆ."

ದಾರಿಯಲ್ಲಿ ಸುಲೋಚನಮ್ಮ ಅದನ್ನೇ ಯೋಚಿಸುತ್ತ ನಡೆದರು. ಇಪ್ಪತ್ತಾರು ವರ್ಷದಿಂದ ಅದೇ ಬೀದಿಯಲ್ಲಿ ಕೂತಿದ್ದರೂ ಈ ವಿಷಯ ಒಂದು ದಿನವೂ ಅವರ ತಲೆಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಅಂಗಡಿಯ ಹಿಂದೆಯೇ ಮನೆ.

"ನೀವಾದ್ರೂ ಹೇಳ್ಬಾರದಿತ್ತ ಮೇಡಂ, ನಿಮಗೆ ಎಲ್ಲಾ ಊರೂ ಗೊತ್ತು," ಎಂದರು.

ಅಮೃತಾ ಸ್ವಲ್ಪ ನಕ್ಕಳು. "ಆಫೀಸಿನ ಟಾಯ್ಲೆಟ್ ಕೆಟ್ಟು ವರ್ಷ ಆಯ್ತಮ್ಮ. ನಾನು ದಿನಾ ಹನ್ನೊಂದು ಗಂಟೆಗೆ ನಿಮ್ಮನೆಗೆ ಬರೋದು ಯಾಕೆ ಅಂದ್ಕೊಂಡ್ರಿ?"

"ಕಾಫಿಗೆ ಅಂದ್ಕೊಂಡಿದ್ದೆ."

"ಕಾಫೀನೂ ಚೆನ್ನಾಗಿರ್ತದೆ."

ಮುಂದಿನ ದಿನಗಳಲ್ಲಿ ಇನ್ನೂ ಮೂರು ಲೈನುಗಳಿಗೆ ಹೋದರು. ಈ ಸಲ ಹೆಂಗಸರನ್ನೇ ಕೂರಿಸಿಕೊಂಡು ಕೇಳಿದರು. ಉತ್ತರ ಎಲ್ಲ ಕಡೆಯೂ ಒಂದೇ.

ಹತ್ತನೆಯ ದಿನ ಸಭೆ ಸೇರಿತು. ಸುಲೋಚನಮ್ಮ ತಮ್ಮ ಯೋಜನೆ ಹೇಳಿದರು. ಪೇಟೆಯ ತಿರುವಿನಲ್ಲಿ ಹೆಂಗಸರಿಗೆ ಒಳ್ಳೆಯ ಶೌಚಾಲಯ, ಕುಡಿಯುವ ನೀರು, ಕೂರಲು ಕಲ್ಲುಬೆಂಚು, ಮಾಡಿನ ಕೆಳಗೆ ತರಕಾರಿ ಮಾರುವವರಿಗೆ ಕಟ್ಟೆಗಳು, ಹೊರಗೆ ಜೀಪು ನಿಲ್ಲಲು ಜಾಗ. ಇಷ್ಟಕ್ಕೂ ಸರಿಹೋಗುವುದು ಮರುಳಸಿದ್ದಪ್ಪನವರ ಗೋದಾಮು.

ಒಂದಿಬ್ಬರು ನಕ್ಕರು. ಮರುಳಸಿದ್ದಪ್ಪನವರು ನಗಲಿಲ್ಲ.

"ಕಕ್ಕಸು ಕಟ್ಟಿ ಊರು ಉದ್ಧಾರ ಮಾಡ್ತೀವಿ ಅಂತ ಬರೆದು ಕಳಿಸೋಣ ಅಂತೀರಾ ಅಧ್ಯಕ್ಷರೆ? ನಮ್ಮಪ್ಪ ಮೆಣಸು ತೂಗ್ತಿದ್ದ ಜಾಗ ಅದು." ಅಷ್ಟು ಹೇಳಿ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಸುಲೋಚನಮ್ಮ ಹಿಂದೆ ಹೋಗಿ ವಾದಿಸಲಿಲ್ಲ. ಮರುದಿನ ಅವರ ಮನೆಗೆ ಹೋಗಿ, "ಅಣ್ಣ, ಭಾನುವಾರ ಒಂದು ಗಂಟೆ ನನ್ನ ಜೊತೆ ನಿಮ್ಮ ಗೋದಾಮಿನ ಮುಂದೆ ಕೂತ್ಕೊಳಿ. ಆಮೇಲೆ ನೀವು ಹೇಳಿದಂಗೆ," ಎಂದಷ್ಟೇ ಕೇಳಿಕೊಂಡರು. ಇಲ್ಲವೆನ್ನಲು ಅವರಿಗೆ ಕಾರಣ ಸಿಗಲಿಲ್ಲ.

ಭಾನುವಾರ ಇಬ್ಬರೂ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಜೀಪುಗಳು ಬಂದವು, ಹೋದವು. ಒಂಬತ್ತನೆಯದೋ ಹತ್ತನೆಯದೋ ಸ್ವಲ್ಪ ಮುಂದೆ ಹೋಗಿ ನಿಂತಿತು. ಮುದ್ದಿ ಇಳಿದು ಬಂದಳು.

"ಏನಕ್ಕ, ಇಲ್ಲಿ ಕೂತಿದೀರಿ?" ಎಂದವಳು ಮರುಳಸಿದ್ದಪ್ಪನವರನ್ನು ನೋಡಿ ಸೆರಗು ಸರಿಮಾಡಿಕೊಂಡಳು. "ಸಾವ್ಕಾರ್ರು ಚೆನ್ನಾಗಿದೀರಾ? ನಮ್ಮ ದೊಡ್ಡವಳ ಮದುವೆಗೆ ಬೆಲ್ಲ, ಅಕ್ಕಿ ಎಲ್ಲಾ ನಿಮ್ಮಂಗಡೀದೇ."

ಅವರ ಮುಖ ಅರಳಿತು. "ಗಂಗೆ ಅಲ್ವಾ ಅವಳ ಹೆಸ್ರು? ನೆನಪಿದೆ. ಮತ್ತೆ ಈಗ್ಯಾಕೆ ಈ ಕಡೆ ಬರಲ್ಲ ನೀವು?"

ಮುದ್ದಿ ಸುಲೋಚನಮ್ಮನ ಮುಖ ನೋಡಿದಳು. "ಅಕ್ಕಂಗೆ ಹೇಳಿದೀನಿ ಸಾವ್ಕಾರ್ರೆ," ಎಂದು ಜೀಪಿನ ಕಡೆ ನಡೆದುಬಿಟ್ಟಳು.

ಜೀಪು ಹೊರಟಿತು. ಅದರ ತುಂಬ ಹೆಂಗಸರೇ ಇದ್ದರು. ಮರುಳಸಿದ್ದಪ್ಪನವರು ರಸ್ತೆಯನ್ನೇ ನೋಡುತ್ತ ನಿಧಾನವಾಗಿ ಹೇಳಿದರು: "ನಮ್ಮನೆಯವಳು ಹಾಸನಕ್ಕೆ ಹೊರಟ್ರೆ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ತಲೆ ಸುತ್ತಿ ಬಿದ್ದೀಯ ಅಂತ ಎಷ್ಟೋ ಸಲ ಬೈದಿದೀನಿ. ಯಾಕೆ ಕುಡಿಯಲ್ಲ ಅಂತ ಒಂದ್ಸಲಾನೂ ಕೇಳ್ಲಿಲ್ಲ ನೋಡಿ."



ಬುಧವಾರ ಮರುಳಸಿದ್ದಪ್ಪನವರೇ ಪಂಚಾಯಿತಿ ಕಚೇರಿಗೆ ಬಂದು ಗೋದಾಮಿನ ಬೀಗದಕೈ ಮೇಜಿನ ಮೇಲಿಟ್ಟರು. ಮೂವತ್ತು ವರ್ಷಕ್ಕೆ ಬರೆದುಕೊಡುತ್ತೇನೆ, ಗೋಡೆ ಕೆಡವಬಾರದು, ಹೆಂಚು ತೆಗೆಯಬಾರದು, ಒಂದು ಮೂಲೆ ನನಗಿರಬೇಕು, ದಿನಸಿ ಇಡುತ್ತೇನೆ ಎಂದರು. ಅಮೃತಾ ಅಲ್ಲೇ ಕೂತು ಕರಡು ಬರೆದಳು.

ಕಿರಣ್‌ಕುಮಾರ್‌ಗೆ ಗೋಪುರ ಹೋದದ್ದಕ್ಕೆ ಬೇಸರವಾಗಿದ್ದು ನಿಜ. ಆದರೂ ಬಂದು ಎರಡು ದಿನ ಗೋದಾಮನ್ನು ಅಳೆದು ಒಳ್ಳೆಯ ನಕ್ಷೆ ಮಾಡಿಕೊಟ್ಟ. ಆ ನಕ್ಷೆಯನ್ನು ಸುಲೋಚನಮ್ಮ ಲೈನಿಗೆ ಒಯ್ದು ಮುದ್ದಿಯ ಮುಂದೆ ಹರಡಿದರು. ಅವಳು ಬೆರಳಿಟ್ಟು, "ಬಾಗಿಲು ಟೀ ಅಂಗಡಿ ಕಡೆ ಬೇಡ. ಅಲ್ಲಿ ಗಂಡಸ್ರು ಕೂತಿರ್ತಾರೆ. ಈ ಕಡೆ ತಿರುಗಿಸಿ," ಎಂದಳು. ಬಾಗಿಲು ತಿರುಗಿತು. ಮೈಸೂರಿನಲ್ಲಿ ಕೂತಿದ್ದರೆ ತನಗಿದು ಹೊಳೆಯುತ್ತಿರಲಿಲ್ಲ ಎಂದು ಕಿರಣ್‌ಕುಮಾರ್ ಫೋನಿನಲ್ಲಿ ಒಪ್ಪಿಕೊಂಡ.

ಮಡಿಕೇರಿಯ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಕಡತ ತಿರುವಿ ಹಾಕಿ ಕೇಳಿದರು: "ನಾವು ಕೇಳಿದ್ದು ವ್ಯಾಪಾರ ಬೆಳೆಸೋ ಯೋಜನೆ. ಇದು ನೈರ್ಮಲ್ಯದ್ದಲ್ವ?"

ಅಮೃತಾ ಉತ್ತರ ಹುಡುಕುವಷ್ಟರಲ್ಲಿ ಸುಲೋಚನಮ್ಮ ಎದ್ದು ನಿಂತರು. "ಸಾರ್, ಪ್ರತಿ ಭಾನುವಾರ ಇಪ್ಪತ್ತಕ್ಕೂ ಹೆಚ್ಚು ಜೀಪು ನಮ್ಮೂರು ದಾಟಿ ಹೋಗ್ತವೆ. ಒಂದೊಂದರಲ್ಲೂ ಏಳೆಂಟು ಮನೆಯ ವಾರದ ಸಾಮಾನು. ಅವರು ಎರಡು ಗಂಟೆ ನಮ್ಮ ಬೀದೀಲಿದ್ರೆ ಬೀದಿ ಬದುಕ್ತದೆ. ಎರಡು ಗಂಟೆ ಇರೋಕೆ ಏನು ಬೇಕೋ ಅದನ್ನ ಕೇಳ್ತಿದೀವಿ."

ಕೇಳಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಂಜೂರಾಯಿತು. ಮೊದಲು ಇಷ್ಟು ಮಾಡಿ ತೋರಿಸಿ, ಉಳಿದದ್ದು ಆಮೇಲೆ ನೋಡೋಣ ಎಂದರು. ಸುಲೋಚನಮ್ಮನಿಗೆ ಅಷ್ಟೇ ಸಾಕೆನಿಸಿತು. ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರೂ ಕಿಟಕಿ ಪಕ್ಕದಲ್ಲಿ ಕೂತು ಒಂದು ಪೊಟ್ಟಣ ಖಾರದ ಕಡಲೆ ಮುಗಿಸಿದರು.

ಮಳೆಗಾಲ ಕಳೆದ ಮೇಲೆ ಕೆಲಸ ಮುಗಿಯಿತು. ಶೌಚಾಲಯದ ನಿರ್ವಹಣೆಯನ್ನು ಊರಿನ ಸ್ತ್ರೀಶಕ್ತಿ ಸಂಘ ವಹಿಸಿಕೊಂಡಿತು. ಮೊದಲ ಭಾನುವಾರ ಬಂದದ್ದು ಎರಡೇ ಜೀಪು. ಮೂರನೆಯ ವಾರ ಒಂಬತ್ತು ಬಂದವು. ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ನಿಲ್ಲಿಸಲು ಜಾಗ ಸಾಲದೆ ಚಾಲಕರು ಜಗಳವಾಡತೊಡಗಿದರು. ಮುಚ್ಚಿದ್ದ ಶಟರುಗಳಲ್ಲಿ ಏಳು ತೆರೆದವು. ಅವುಗಳಲ್ಲಿ ಮೊಬೈಲ್ ಅಂಗಡಿಯೊಂದು ಎರಡೇ ತಿಂಗಳಲ್ಲಿ ಮತ್ತೆ ಮುಚ್ಚಿತು, ಉಳಿದವು ನಡೆಯುತ್ತಿವೆ. ಭಾನುವಾರ ಎರಡು ಖಾಸಗಿ ಬಸ್ಸುಗಳೂ ಒಳಗೆ ಬರುತ್ತವೆ. ಮರುಳಸಿದ್ದಪ್ಪನವರು ಅರವತ್ತೆಂಟನೆಯ ವಯಸ್ಸಿನಲ್ಲಿ ತಕ್ಕಡಿ ಹಿಡಿದು ಕೂತಿದ್ದಾರೆ, ಬೆನ್ನು ನೋಯುತ್ತದೆಂದು ಎಲ್ಲರಿಗೂ ಹೇಳುತ್ತಾರೆ, ಒಂದು ವಾರವೂ ತಪ್ಪಿಸುವುದಿಲ್ಲ.

ಜನವರಿಯ ಒಂದು ಭಾನುವಾರ ಮುದ್ದಿ ಎರಡು ರವಿಕೆ ಕಣ ಹಿಡಿದು ಸುಲೋಚನಮ್ಮನ ಅಂಗಡಿಗೆ ಬಂದಳು. ಮಿಷನ್ನಿನ ಪಕ್ಕ ಆಗಲೇ ಬಟ್ಟೆಯ ರಾಶಿಯಿತ್ತು.

"ಮುಂದಿನ ವಾರಕ್ಕೆ ಬೇಕಕ್ಕ."

"ಆಗಲ್ಲ ಮುದ್ದಿ, ಎರಡು ವಾರ ಬೇಕು. ಕೈಗೆ ಪುರುಸೊತ್ತಿಲ್ಲ."

"ಪುರುಸೊತ್ತಿಲ್ದೆ ಇರೋದು ಒಳ್ಳೇದೇ ಅಲ್ವ," ಎಂದು ಮುದ್ದಿ ಸ್ಟೂಲು ಎಳೆದುಕೊಂಡು ಕೂತಳು. ಅವಳ ಜೀಪು ಹೊರಡುವುದು ಮೂರಕ್ಕೆ, ಆಗಿನ್ನೂ ಒಂದು ಗಂಟೆ. ಸುಲೋಚನಮ್ಮ ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು.