ಕುಂಕುಮ ಇಟ್ಟ ಡಿಸ್ಕು

ಡೇಟಾಬೇಸಿನ ಬಗ್ಗೆ ಖಾಸಿಂಗೆ ಇದ್ದದ್ದು ಒಂದೇ ಅಭಿಪ್ರಾಯ. ಅದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಒಳಗೆ ತುಂಬುವುದು ಯಾವ ಕತ್ತೆಗಾದರೂ ಬರುತ್ತೆ, ಕಳೆದುಹೋದದ್ದನ್ನು ವಾಪಸ್ ತರಲು ಬರುತ್ತಾ, ಅದನ್ನು ನೋಡು. ಹೊಸ ಟೂಲುಗಳ ಬಗ್ಗೆಯಾದರೆ ಬೇಕಾದಷ್ಟು ಅಭಿಪ್ರಾಯಗಳಿದ್ದವು, ಒಂದೂ ಒಳ್ಳೆಯದಲ್ಲ.

ಅರಿಶಿನಕುಂಟೆಯ ಹೆದ್ದಾರಿ ಪಕ್ಕದ ಕೋಲ್ಡ್ ಸ್ಟೋರೇಜಿಗೆ ಪ್ರೋಗ್ರಾಂ ಬರೆದವನು ಅವನೇ. ಯಾರ ಹುಣಸೆ ಮೂಟೆ ಯಾವ ಚೇಂಬರಿನ ಯಾವ ಸಾಲಿನಲ್ಲಿದೆ ಅನ್ನುವುದೆಲ್ಲ ಅದರಲ್ಲಿತ್ತು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಅದು ಓಡುತ್ತಿದ್ದ ಸರ್ವರ್ ಕಂಪ್ಯೂಟರನ್ನು ಆರಿಸುತ್ತಿದ್ದರು. ಆಯುಧಕ್ಕೂ ಒಂದು ದಿನ ರಜ ಬೇಡವೇ? ಆಫೀಸು ಗುಡಿಸುವ ಮುನಿರತ್ನಮ್ಮ ಅದರ ನೆತ್ತಿಗೆ ಕುಂಕುಮ ಇಟ್ಟು ಸೇವಂತಿಗೆ ಏರಿಸುವ ಮೊದಲು ಖಾಸಿಂ ಪೂರಾ ಕಾಪಿ ತೆಗೆದು, ಬೇರೆ ಕಂಪ್ಯೂಟರಿಗೆ ಹಾಕಿ, ಎಲ್ಲ ನೆಟ್ಟಗೆ ವಾಪಸ್ ಬಂತಾ ಎಂದು ನೋಡುತ್ತಿದ್ದ.

"ನನ್ ಪೂಜೆ ಆಯ್ತು ರತ್ನಮ್ಮಾ, ಇನ್ ನಿಂದು ಮಾಡ್ಕೊ" ಅನ್ನುತ್ತಿದ್ದ.

ಆಮೇಲೆ ಹೊಸ ಮ್ಯಾನೇಜರ್ ಅಂಜನ್ ಬಂದ. ಸರ್ವರನ್ನು ಗುಜರಿಗೆ ಹಾಕಿ, ಎಲ್ಲವನ್ನೂ ಕ್ಲೌಡಿಗೆ ಏರಿಸಿದ. ಮೂಟೆಗಳ ಮೇಲೆ ಬಣ್ಣದಲ್ಲಿ ಹೆಸರು ಬರೆಯುವುದು ಅಸಹ್ಯವೆಂದು ನಿಲ್ಲಿಸಿ, ಬರೀ ನಂಬರಿನ ಸ್ಟಿಕ್ಕರ್ ಅಂಟಿಸಿದ. ಬೆಳಗಿನ ಮೀಟಿಂಗನ್ನು ಎಲ್ಲರೂ ನಿಂತೇ ಮಾಡಬೇಕೆಂದ.

"ಕೂತ್ರೆ ಸುಳ್ಳು ಜಾಸ್ತಿ ಬರುತ್ತಾ ಸಾರ್?" ಎಂದ ಖಾಸಿಂ.

"ಮಾತು ಜಾಸ್ತಿ ಬರುತ್ತೆ. ಅದೂ ನಿಮಗೆ."

ಕಂಪನಿಯ ಡೇಟಾ ಸ್ವಂತ ಡಿಸ್ಕಿನಲ್ಲಿ ಇಟ್ಟುಕೊಂಡವರನ್ನು ಅವತ್ತೇ ಮನೆಗೆ ಕಳಿಸುತ್ತೇವೆಂಬ ಕಾಗದಕ್ಕೆ ಎಲ್ಲರೂ ಸಹಿ ಹಾಕಿದರು. ಖಾಸಿಮೂ ಹಾಕಿದ. ಐವತ್ತು ದಾಟಿದ ಪ್ರೋಗ್ರಾಮರಿಗೆ ಬೆಂಗಳೂರಿನಲ್ಲಿ ವಾಚ್‌ಮನ್ ಕೆಲಸವಾದರೂ ಸಿಕ್ಕೀತು, ಪ್ರೋಗ್ರಾಮರ್ ಕೆಲಸ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಈ ಸಲದ ಆಯುಧಪೂಜೆಗೆ ಮುನಿರತ್ನಮ್ಮ ಕುಂಕುಮದ ಬಟ್ಟಲು ಹಿಡಿದು ಸುಮ್ಮನೆ ನಿಂತಿದ್ದಳು.

"ಎಲ್ಲಿಗ್ ಇಡ್ಲಿ ಸಾಬ್ರೇ? ಮಿಷಿನ್ನೇ ಇಲ್ವಲ್ಲಾ."

ಕೈ ತಡೆಯದೆ ಖಾಸಿಂ ಅಂದೂ ಕಾಪಿ ತೆಗೆದಿದ್ದ. ಜೇಬಿನಿಂದ ಪುಟ್ಟ ಡಿಸ್ಕು ತೆಗೆದು ಮೇಜಿನ ಕೆಳಗೆ ಹಿಡಿದ. "ಇದಕ್ಕಿಡು. ಬಾಯ್ ಬಿಟ್ಟೀಯ, ಹುಷಾರು."

ಹಬ್ಬದ ರಜ ಮುಗಿದು ಬಾಗಿಲು ತೆಗೆದ ಬೆಳಿಗ್ಗೆಯೇ ಅನಾಹುತವಾಯಿತು. ಪರೀಕ್ಷೆಗೆಂದು ಇಟ್ಟಿದ್ದ ಡೇಟಾಬೇಸನ್ನು ಅಳಿಸಲು ಹೋಗಿ ಅಂಜನ್ ಅಸಲಿಯನ್ನೇ ಅಳಿಸಿಬಿಟ್ಟಿದ್ದ.

"ಟೆನ್ಷನ್ ಬೇಡ, ಬ್ಯಾಕಪ್ ಇದೆ" ಎಂದ ನಗುತ್ತ. ಅವನು ಬ್ಯಾಕಪ್ ಅಂದುಕೊಂಡದ್ದು ಅಸಲಿಯಲ್ಲಿ ಆದದ್ದನ್ನೆಲ್ಲ ಆ ಕ್ಷಣವೇ ತಾನೂ ಮಾಡಿಕೊಳ್ಳುವ ಜೋಡಿ ಡೇಟಾಬೇಸು. ಅಲ್ಲಿ ಅಳಿಸಿದ್ದನ್ನು ಇದೂ ಅಷ್ಟೇ ನಿಷ್ಠೆಯಿಂದ ಅಳಿಸಿಕೊಂಡು ಕೂತಿತ್ತು. ಅಂಜನ್‌ನ ನಗು ಇಳಿದುಹೋಯಿತು.

ಗೇಟಿನಲ್ಲಿ ತ್ಯಾಮಗೊಂಡ್ಲು ಕಡೆಯವರ ಟೆಂಪೋಗಳು ನಿಂತಿದ್ದವು. ಹುಣಸೆಗೆ ರೇಟು ಬಂದಿತ್ತು. ಒಳಗೆ ಚಳಿಯಲ್ಲಿ ಸಾವಿರಾರು ಮೂಟೆ, ಎಲ್ಲಕ್ಕೂ ಒಂದೇ ಮುಖ. ಯಾವುದು ಯಾರದೆಂದು ಹೇಳುವವರಿಲ್ಲ. ಹೊರಗೆ ಕೂಗಾಟ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುತ್ತಿತ್ತು.

ಖಾಸಿಂ ಸ್ಕೂಟರ್ ಹತ್ತಿ ನೆಲಮಂಗಲದ ಮನೆಗೆ ಹೋದ. ವಿಷಯ ಕೇಳಿದ ಹೆಂಡತಿ ಫರ್ಹಾ ಡಿಸ್ಕಿದ್ದ ಬೀರುವಿಗೆ ಬೆನ್ನು ಕೊಟ್ಟು ನಿಂತಳು.

"ಚುಪ್ ಬೈಠೋ ಜೀ. ಡಿಸ್ಕ್ ತೋರ್ಸಿದ್ರೆ ನಿಮ್ ಕೆಲ್ಸ ಹೋಗತ್ತೆ. ಅಳ್ಸಿದ್ದು ಅವ್ನು, ಅನುಭವಿಸ್ಲಿ."

"ಅವ್ನೇನು ಅನುಭವಿಸ್ತಾನೆ? ಗೇಟಲ್ಲಿರೋರು ಅನುಭವಿಸ್ತಾರೆ. ಸರಿ ಆಕಡೆ."

ಮಧ್ಯಾಹ್ನದ ಊಟದ ಹೊತ್ತಿಗೆ ಮೂಟೆಗಳೆಲ್ಲ ತಂತಮ್ಮ ಯಜಮಾನರ ಹೆಸರಿಗೆ ವಾಪಸ್ ಬಂದಿದ್ದವು. ಅಂಜನ್ ಮೊದಲ ಬಾರಿಗೆ "ಸರ್" ಅಂದ. ಹಾಗಂದವನು ಮಾಲೀಕರಿಗೆ ಕಳಿಸಿದ ಇಮೇಲಿನಲ್ಲಿ, ಕ್ಲೌಡ್ ವ್ಯವಸ್ಥೆ ಅರ್ಧ ದಿನದಲ್ಲೇ ಚೇತರಿಸಿಕೊಂಡಿತು ಎಂದು ಬರೆದ.

ಸಂಜೆ ಖಾಸಿಂನನ್ನು ಕರೆದು, ಡಿಸ್ಕನ್ನು ತುದಿಬೆರಳಲ್ಲಿ ಎತ್ತಿ ಲಕೋಟೆಗೆ ಹಾಕಿದ. "ಇದೇನ್ ಸರ್, ಕೆಂಪಗೆ?"

"ಕುಂಕುಮ."

"ಇದು ನಿಮ್ ಮನೇಲಿತ್ತು ಅಲ್ವಾ? ರೂಲ್ಸು ನಾನ್ ಮಾಡಿದ್ದಲ್ಲ ಸರ್. ಇಲ್ಲೊಂದು ಸಹಿ."

ಖಾಸಿಂ ಸಹಿ ಹಾಕಿದ. ಬಾಗಿಲಲ್ಲಿ ಸೆಕ್ಯೂರಿಟಿಯವನು ಅವನ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿ ನೋಡಿದ. ಮುನಿರತ್ನಮ್ಮ ಪೊರಕೆ ಹಿಡಿದು ನಿಂತವಳು ಬೇರೆ ಕಡೆ ಮುಖ ಮಾಡಿದಳು.

ಗೇಟಿನಲ್ಲಿ ತ್ಯಾಮಗೊಂಡ್ಲಿನ ವೆಂಕಟರಾಮಪ್ಪ ಕೊನೆಯ ಮೂಟೆ ಹೇರಿಸುತ್ತಿದ್ದ.

"ಏನ್ ಸಾಬ್ರೇ, ಎಂಥಾ ಕಂಪ್ಯೂಟ್ರು ಮಾಡ್ ಮಡಗಿದ್ದೀರ? ಬೆಳಗಿಂದ ಅನ್ನ ನೀರಿಲ್ಲ ನಮ್ಗೆ. ಆ ಮ್ಯಾನೇಜರ್ ಹುಡುಗ ಇದ್ದಿದ್ಕೆ ಸರಿಹೋಯ್ತು. ವಯಸ್ಸಾದ್ರೂ ವಸಿ ಕಲೀರಿ."

ಕೇಳದವರಿಗೂ ಅಭಿಪ್ರಾಯ ಹೇಳುತ್ತಿದ್ದವನು ಸ್ಕೂಟರಿನ ಕೀ ಹುಡುಕುತ್ತ ನಿಂತ.

"ಕಲೀತೀನಿ ಬಿಡಿ. ನಾಳೆಯಿಂದ ಪುರುಸೊತ್ತೇ ಪುರುಸೊತ್ತು. ಒಂದ್ ಮಾತು, ಮುಂದಿನ್ ಸಲ ಮೂಟೆ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಸ್ಕೊಂಡ್ ತನ್ನಿ. ಅವ್ರು ಬ್ಯಾಡ ಅಂದ್ರೂ ಬರೆಸಿ."

ವೆಂಕಟರಾಮಪ್ಪ ಹಗ್ಗ ಬಿಗಿಯುತ್ತ ನಕ್ಕ. "ಅದ್ಯಾಕ್ ಸಾಬ್ರೇ? ಕಂಪ್ಯೂಟ್ರು ಐತಲ್ಲಾ!"