ಮೂಗಿಗೆ ಸಿಗದ ಔಷಧಿ

"ನೀರೇ ಬೆರ್ಸವ್ನೆ ಕಣಮ್ಮ! ಮೂಸಿ ನೋಡು, ಘಾಟೇ ಇಲ್ಲ," ಎಂದು ಈಶ್ವರಮ್ಮ ಕೀಟನಾಶಕದ ಬಾಟಲಿಯನ್ನು ಭಾಗ್ಯಜ್ಯೋತಿಯ ಮುಖಕ್ಕೇ ಹಿಡಿದರು. ಭಾಗ್ಯಜ್ಯೋತಿ ಮೂಸಲಿಲ್ಲ. ಕೈಗವಸು ಹಾಕಿಕೊಂಡು ಬಾಟಲಿ ಇಸಿದುಕೊಂಡಳು.

ಜರಗನಹಳ್ಳಿಯ ತಮ್ಮ ಮನೆಯ ಮಹಡಿಯನ್ನು ಕೀಟನಾಶಕ ಪರೀಕ್ಷಿಸುವ ಲ್ಯಾಬಿಗೆ ಬಾಡಿಗೆಗೆ ಕೊಟ್ಟಿದ್ದರೂ ಅಲ್ಲಿ ಏನು ನಡೆಯುತ್ತದೆಂದು ಈಶ್ವರಮ್ಮ ಕೇಳಿದವರಲ್ಲ. ಔಷಧಿಯ ಕಸುವನ್ನು ಮೂಗಿನಿಂದಲೇ ಅಳೆಯುವವರಿಗೆ ಯಂತ್ರ ಯಾಕೆ? ಈ ಸಲ ಅಂಜನಾಪುರದ ತೋಟದಲ್ಲಿ ಎಷ್ಟು ಹೊಡೆದರೂ ಬದನೆಯ ಹುಳ ಸಾಯಲಿಲ್ಲ. ತೋಟ ನೋಡಿಕೊಳ್ಳುವ ತಮ್ಮ ಸೀನು ಔಷಧಿ ಮಾರಿಕೊಂಡು ನೀರು ತುಂಬಿದ್ದಾನೆಂದು ಬೀದಿಯಲ್ಲಿ ನಿಂತು ಕೂಗಾಡಿದ್ದರು. ಅವನು ತೋಟದ ಬೀಗದಕೈಯನ್ನು ಜಗಲಿಯ ಮೇಲಿಟ್ಟು ಹೋಗಿದ್ದ. ಇವತ್ತು ಅವನನ್ನು ಕರೆಸಿದ್ದು ಕಳ್ಳತನ ತೋರಿಸುವುದಕ್ಕೇ. ಸೀನು ಮೆಟ್ಟಿಲು ಹತ್ತದೆ ಕೆಳಗೇ ನಿಂತಿದ್ದ.

ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಭಾಗ್ಯಜ್ಯೋತಿ ಗದಗಿನ ಕಡೆಯವಳು, ಬಿಟಿಎಂ ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಮೊದಲು ಅಸಲಿ ಔಷಧಿಯ ದ್ರಾವಣವನ್ನು ಸಿರಿಂಜಿನಲ್ಲಿ ಯಂತ್ರಕ್ಕೆ ಬಿಟ್ಟಳು. ಬಿಟ್ಟಿದ್ದು ಒಂದು ಹನಿಯಷ್ಟೂ ಇರಲಿಲ್ಲ.

"ಈ ಉಕ್ಕಿನ ಕೊಳವ್ಯಾಗ ಎಲ್ಲಾ ಬ್ಯಾರೆ ಬ್ಯಾರೆ ಆಗ್ತಾವ್ರಿ ಅಮ್ಮಾರ. ಔಷಧ ತನ್ನ ಹೊತ್ತಿಗೇ ಹೊರಗ ಬರ್ತೈತಿ. ಎಷ್ಟು ಐತೋ ಅಷ್ಟು ಎತ್ತರ ಗೀಟು ಏಳ್ತೈತಿ."

ಕಾಗದದ ಮೇಲೆ ಯಂತ್ರದ ಪೆನ್ನು ನೆಟ್ಟಗೆ ಹೋಗುತ್ತಿತ್ತು. ಈಶ್ವರಮ್ಮ ಆಕಳಿಸುವಷ್ಟರಲ್ಲಿ ಗೀಟು ಗೋಪುರದ ಹಾಗೆ ಎದ್ದು ಇಳಿಯಿತು. ಆಮೇಲೆ ಬಾಟಲಿಯ ಸರದಿ. ಮತ್ತದೇ ನೆಟ್ಟನೆ ಗೀಟು. ಅದೇ ಹೊತ್ತಿಗೆ, ಅದೇ ಗೋಪುರ. ಭಾಗ್ಯಜ್ಯೋತಿ ಎರಡು ಕಾಗದವನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಾಗ ಎರಡೂ ಗೀಟು ಒಂದೇ ಆಗಿ ಕಂಡವು.

ಈಶ್ವರಮ್ಮನ ಮೈ ಜುಮ್ಮೆಂದಿತು. "ಅಯ್ಯೋ ದೇವ್ರೇ! ಅಷ್ಟೆಲ್ಲದ್ರಲ್ಲಿ ಅದೊಂದನ್ನೇ ಹೆಂಗೆ ಹುಡುಕ್ತು?"

"ನಿಮ್ಮ ಬಾಟ್ಲ್ಯಾಗ ಔಷಧ ಪೂರಾ ಐತ್ರಿ. ಘಾಟು ಬರೋದು ಅದನ್ನ ಕರಗಿಸೋ ಎಣ್ಣೀದು. ಇದರಾಗ ಬ್ಯಾರೆ ಎಣ್ಣಿ ಹಾಕ್ಯಾರ. ಹುಳಕ್ಕ ಈ ಔಷಧ ರೂಢಿ ಆಗಿರಬೇಕು."

ಈಶ್ವರಮ್ಮ ಆ ಕಾಗದಗಳನ್ನು ತಾವೇ ಬೆಳಕಿಗೆ ಹಿಡಿದು ನೋಡಿದರು. ಬೀದಿಯಲ್ಲಿ ಆಡಿದ ಒಂದೊಂದು ಮಾತೂ ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದರು. ಆಮೇಲೆ ಮೆಟ್ಟಿಲ ತುದಿಗೆ ಹೋಗಿ ನಿಂತರು.

"ಸೀನು, ನಾನೇ ತಪ್ಪು ಮಾತಾಡ್ಬಿಟ್ಟೆ ಕಣೋ. ಬಾ ಮೇಲೆ, ನೋಡ್ಬಾ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

"ಇವನ್ ಬಾಟ್ಲಿದೇ ಇನ್ನೊಂದ್ ಸಲ ಹಾಕಮ್ಮ," ಅಂದರು ಈಶ್ವರಮ್ಮ.

ಪೆನ್ನು ಹೊರಟಿತು. ನೆಟ್ಟನೆಯ ಗೀಟು ನೋಡುತ್ತ ನೋಡುತ್ತ ಸೀನುವಿನ ಮುಖ ಬಿಳಿಚಿಕೊಂಡಿತು.

"ಏನೂ ಇಲ್ವಲ್ಲಕ್ಕ..."

"ತಡಿಯೋ, ಬರ್ತದೆ."

ಸೊಂಟದಿಂದ ತೋಟದ ಬೀಗದಕೈ ತೆಗೆದು ಅವನ ಅಂಗೈಯಲ್ಲಿಟ್ಟು, ಅದರ ಮೇಲೆ ತಮ್ಮ ಕೈ ಮುಚ್ಚಿದರು. ಕಣ್ಣು ಕಾಗದದ ಮೇಲೇ ಇತ್ತು.

"ಈಗ ನೋಡು," ಅಂದರು. ಪೆನ್ನು ಮೇಲೇಳತೊಡಗಿತು.