ಹುಲಿಗೂ ಪಂಕ್ತಿಭೇದ ಬೇಡ

ಮೂವತ್ತೊಂದು ವರ್ಷ "ಶ್ಶ್" ಎಂದು ಹೇಳಿ ಸಂಬಳ ತೆಗೆದುಕೊಂಡವಳು ಅರವತ್ತೇಳನೆಯ ವಯಸ್ಸಿನಲ್ಲಿ ಗರ್ಜಿಸುವುದನ್ನು ಕಲಿಯಬೇಕಾಗಿ ಬಂದರೆ ಏನು ಪಾಡು ಎನ್ನುವುದನ್ನು ಲೈಬ್ರರಿಯಮ್ಮನನ್ನೇ ಕೇಳಬೇಕು. ಕೆಲಸದಿಂದ ನಿವೃತ್ತಳಾಗಿ ಏಳು ವರ್ಷವಾದರೂ ಬೀದಿಯವರಿಗೆಲ್ಲ ಆಕೆ ಇನ್ನೂ ಲೈಬ್ರರಿಯಮ್ಮನೇ. ಆ ವಾರವೆಲ್ಲ ಕನ್ನಡಿಯ ಮುಂದೆ ಕೂತು ಗರ್ಜಿಸುವ ಅಭ್ಯಾಸ ನಡೆದಿತ್ತು. ಪಕ್ಕದ ಮನೆಯಾಕೆ ಕಿಟಕಿಯಿಂದ, "ಯಾಕಮ್ಮಾ, ಕೆಮ್ಮು ಇನ್ನೂ ಹೋಗಿಲ್ವಾ?" ಎಂದು ಕೇಳಿದಳು. ಸಂಜೆಗೆ ಒಂದು ಪುಟ್ಟ ಸೀಸೆಯಲ್ಲಿ ಜೇನುತುಪ್ಪವೂ ಬಂತು. ಅದು ಕೆಮ್ಮಲ್ಲ, ಹುಲಿ ಎಂದು ಹೇಳುವ ಧೈರ್ಯ ಲೈಬ್ರರಿಯಮ್ಮನಿಗೆ ಬರಲಿಲ್ಲ. ಕೊಟ್ಟ ಜೇನನ್ನು ಮಾತ್ರ ದಿನಕ್ಕೆರಡು ಚಮಚ ತಪ್ಪದೆ ನೆಕ್ಕಿದಳು.

ಇದಕ್ಕೆಲ್ಲ ಕಾರಣ ಗುಬ್ಬಿ. ಗುಬ್ಬಿ ಎಂದರೆ ಬೇರೆ ಊರಿನಲ್ಲಿರುವ ಮಗಳ ಮಗಳು, ಐದು ವರ್ಷದವಳು. ಎದುರು ಸಿಕ್ಕರೆ ಅಜ್ಜಿಯ ಸೊಂಟ ಬಿಡದ ಹುಡುಗಿ, ವಿಡಿಯೋ ಕರೆಯಲ್ಲಿ ಮಾತ್ರ ಬಾಯಿಗೆ ಬೀಗ. "ಅಜ್ಜಿ ನೋಡೇ, ಅಜ್ಜಿ!" ಎಂದು ತಾಯಿ ತಿವಿದರೆ ಫ್ಯಾನಿನ ಕಡೆ ನೋಡುತ್ತಿದ್ದಳು. ಎರಡು ತಿಂಗಳ ಹಿಂದೆ ಮಗಳು ಬಂದಿದ್ದಾಗ ಮುಖಕ್ಕೆ ವೇಷ ಹಾಕುವ ಒಂದು ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಹಾಕಿಕೊಟ್ಟು ಹೋಗಿದ್ದಳು. ಲೈಬ್ರರಿಯಮ್ಮ ಏನೋ ಒತ್ತಲು ಹೋಗಿ ಇನ್ನೇನನ್ನೋ ಒತ್ತಿ, ಗುಬ್ಬಿಯ ಎದುರು ಕಿತ್ತಳೆ ಬಣ್ಣದ ಹುಲಿಯಾಗಿ ಕೂತಳು. ಆವತ್ತು ಗುಬ್ಬಿ ನಲವತ್ತು ನಿಮಿಷ ಮಾತಾಡಿದಳು. ತನ್ನ ಚಪ್ಪಲಿ, ಬಿದ್ದ ಹಲ್ಲು, ಟೀಚರಿನ ಮೂಗು, ಒಂದನ್ನೂ ಬಿಡಲಿಲ್ಲ. ಅಂದಿನಿಂದ ಭಾನುವಾರ ಸಂಜೆ ನಾಲ್ಕು ಎಂದರೆ ಹುಲಿಯ ಹೊತ್ತು.

ಈ ವಾರ ಮಗಳು ಫೋನ್ ಮಾಡಿದಾಗ ದನಿ ಸೋತಿತ್ತು. ಕಣ್ಣಿನ ಡಾಕ್ಟರು ಗುಬ್ಬಿಗೆ ಕನ್ನಡಕ ಕೊಟ್ಟಿದ್ದರು. ಗುಬ್ಬಿ ಅದನ್ನು ಮೊದಲ ದಿನ ಬಟ್ಟೆ ಒಗೆಯುವ ಮೆಷಿನ್ನಿಗೆ ಹಾಕಿದ್ದಳು, ಎರಡನೆಯ ದಿನ ಅಪ್ಪನ ಬೂಟಿನೊಳಗೆ, ಮೂರನೆಯ ದಿನ ಎದುರು ಮನೆಯ ನಾಯಿಯ ಮೂಗಿನ ಮೇಲೆ.

"ಸೋಮವಾರ ಸ್ಕೂಲು ಶುರು, ಅಮ್ಮಾ. ಕನ್ನಡಕ ಇಲ್ಲದಿದ್ರೆ ಬೋರ್ಡೇ ಕಾಣಲ್ವಂತೆ. ನಾವು ಹೇಳಿದ್ದು ಕಲ್ಲಿನ ಮೇಲೆ ನೀರು ಸುರಿದ ಹಾಗೆ. ಅವಳು ಕೇಳೋದು ಹುಲಿ ಮಾತು ಒಂದೇ. ಭಾನುವಾರ ಹುಲಿ ಕನ್ನಡಕ ಹಾಕ್ಕೊಂಡು ಬರ್ಲಿ."

"ಬರತ್ತೆ ಬಿಡು," ಎಂದುಬಿಟ್ಟಳು ಲೈಬ್ರರಿಯಮ್ಮ. ಆದರೆ ಹುಲಿಗೆ ಇನ್ನೂ ಹುಷಾರಾಗಿಲ್ಲ ಎಂದು ಹೇಳಲಿಲ್ಲ.

ಹೌದು, ಎರಡು ವಾರದಿಂದ ಹುಲಿ ಕೈಕೊಡುತ್ತಿತ್ತು. ಹಿಂದಿನ ಭಾನುವಾರವಂತೂ ಬಾಯಿ ತೆರೆದದ್ದೇ ತಡ, ಸಾಫ್ಟ್‌ವೇರು ಮುಚ್ಚಿಕೊಂಡು ಪರದೆ ಕಪ್ಪಾಯಿತು. ಹುಲಿ ಸತ್ತೇಹೋಯಿತೆಂದು ಗುಬ್ಬಿ ಒಂದು ಗಂಟೆ ಅತ್ತಳಂತೆ. ಇನ್ನೊಮ್ಮೆ ಹಾಗಾದರೆ ಹುಲಿಯ ಮಾತಿಗೂ ಬೆಲೆ ಉಳಿಯುವುದಿಲ್ಲ, ಕನ್ನಡಕ ಶಾಶ್ವತವಾಗಿ ನಾಯಿಯ ಪಾಲು.

ರಿಪೇರಿ ಯಜಮಾನರ ಪಾಲಿಗೆ ಬಂತು. ಯಜಮಾನರು ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಮಧ್ಯದಲ್ಲಿ ನಿಂತ ಲಿಫ್ಟುಗಳೊಳಗಿನ ಜನರಿಗೆ ಹೊರಗಿನಿಂದ ಸಮಾಧಾನ ಹೇಳುತ್ತಲೇ ಕೂದಲು ಬೆಳ್ಳಗಾದ ಮನುಷ್ಯ. ಅವರದು ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಬದಲಾಯಿಸಿದ್ದನ್ನು ಬರೆದಿಡು. ಹಳೆಯ ಡೈರಿಯೊಂದನ್ನು ತೆಗೆದು ಮೊದಲ ಪುಟದಲ್ಲಿ "ಹುಲಿ" ಎಂದು ಬರೆದು ಅಡಿಗೆರೆ ಎಳೆದರು.

ಲ್ಯಾಪ್‌ಟಾಪ್ ಬಿಸಿಯಾಗುತ್ತದೆಯೇನೋ ಎಂದು ಅದರ ಅಡಿಗೆ ನಾಲ್ಕು ಸೀಸೆ ಮುಚ್ಚಳ ಇಟ್ಟು ಎತ್ತರಿಸಿದರು. ಹುಲಿ ಹೋಯಿತು. ವೈರು ಬದಲಾಯಿಸಿದರು, ಹೋಯಿತು. ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದರು, ಮೊದಲ ದಿನ ಒತ್ತಿದ್ದ ಸೆಟ್ಟಿಂಗ್ಸ್ ಎಲ್ಲ ಅದರಲ್ಲಿ ಹಾಗೇ ಉಳಿದಿತ್ತು, ಹುಲಿ ಮಾತ್ರ ಉಳಿಯಲಿಲ್ಲ. ಪರದೆಯ ಮೇಲೆ ಡ್ರೈವರ್ ಅಪ್‌ಡೇಟ್ ಮಾಡಿ ಎಂಬ ಸೂಚನೆ ಬಂದಾಗ ಯಜಮಾನರಿಗೆ ರೇಗಿತು.

"ಲಿಫ್ಟು ನಿಂತ್ರೆ ಯಾವನಾದ್ರೂ ಡ್ರೈವರನ್ನ ಬದಲಾಯಿಸ್ತಾನಾ?"

"ಲಿಫ್ಟಿಗೆ ಡ್ರೈವರೇ ಇರಲ್ವಲ್ರೀ."

"ಅದೇ ನಾನೂ ಹೇಳಿದ್ದು," ಎಂದು ಯಜಮಾನರು ಅಪ್‌ಡೇಟನ್ನೂ ಮಾಡಿ, ಅದೂ ಪ್ರಯೋಜನವಿಲ್ಲವೆಂದು ಬರೆದುಕೊಂಡರು.

ಈ ನಡುವೆ ಕೋಣೆಯನ್ನು ಸುಧಾರಿಸುವ ಕೆಲಸವೂ ನಿಲ್ಲಲಿಲ್ಲ. ಹಳೆಯ ಕ್ಯಾಮೆರಾ ಮಂಜುಗಣ್ಣಿನದು ಎಂದು ಎರಡು ವಾರದ ಹಿಂದೆಯೇ ಹೊಸದು ತಂದಿದ್ದರು. ಅದು ಲೈಬ್ರರಿಯಮ್ಮನ ಕಣ್ಣಿನ ಮಟ್ಟಕ್ಕೆ ಬರಲೆಂದು ಕೆಳಗೆ ನಾಲ್ಕು ದಪ್ಪ ನಿಘಂಟು. ಕಿಟಕಿಯ ಬಿಸಿಲು ಕುಕ್ಕದಿರಲೆಂದು ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಬಿಳಿ ದುಪ್ಪಟಿ. ಮುಖಕ್ಕೆ ಓದುವ ದೀಪ. ಮಾತಾಡುವಾಗ ಎಲ್ಲಿ ನೋಡಬೇಕೆಂದು ಆಕೆಗೆ ಗೊಂದಲವಾಗದಿರಲೆಂದು ಯಜಮಾನರು ಕ್ಯಾಮೆರಾದ ಪಕ್ಕದಲ್ಲಿ ಒಂದು ಪುಟ್ಟ ಕಾಗದದ ನಕ್ಷತ್ರ ಕತ್ತರಿಸಿ ಅಂಟಿಸಿದ್ದರು. ಹೇಳಿಸಿಕೊಂಡು ಮಾಡಿದ್ದಲ್ಲ. ಬೆಳಿಗ್ಗೆ ಆಕೆ ಎದ್ದು ಬರುವಷ್ಟರಲ್ಲಿ ನಕ್ಷತ್ರ ಅಲ್ಲಿತ್ತು.

ಆದರೆ ಡೈರಿ ಬೇರೆಯೇ ಕಥೆ ಹೇಳುತ್ತಿತ್ತು. ಕಿಟಕಿ ಮುಚ್ಚಿದರೆ ಹುಲಿಗೆ ಆಯುಸ್ಸು ಆರು ನಿಮಿಷ. ಕಿಟಕಿ ತೆರೆದರೆ ಎರಡು. ದೀಪವನ್ನೂ ಹಾಕಿದರೆ ಬಾಯಿ ತೆರೆಯುವಷ್ಟೂ ವ್ಯವಧಾನವಿಲ್ಲ.

ಲೈಬ್ರರಿಯಮ್ಮ ಅದನ್ನು ಎರಡು ಸಲ ಓದಿದಳು. "ಬೆಳಕು ಕಂಡ್ರೆ ಸಾಯತ್ತೆ. ಇದು ಹುಲಿನೋ ಗೂಬೆನೋ?"

ಭಾನುವಾರ ಮೂರು ಗಂಟೆಗೆ ಕೊನೆಯ ಪರೀಕ್ಷೆ. ಇಷ್ಟು ದಿನವೂ ಪರೀಕ್ಷೆಯ ಹೊತ್ತಿಗೆ ಯಜಮಾನರು ಮೇಜಿನ ಕೆಳಗೆ ಅಂಬೆಗಾಲಿಟ್ಟುಕೊಂಡು ವೈರು ಹಿಡಿದಿರುತ್ತಿದ್ದರು. ಆಕೆ ನಕ್ಷತ್ರವನ್ನೇ ನೋಡುತ್ತಿದ್ದಳು. ಹಾಗಾಗಿ ಹುಲಿ ಸಾಯುವುದನ್ನು ಪರದೆಯ ಮೇಲೆ ಕಣ್ಣಿಟ್ಟು ನೋಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆವತ್ತು ಮಂಡಿ ನೋವೆಂದು ಯಜಮಾನರು ಪಕ್ಕದ ಕುರ್ಚಿಯಲ್ಲಿ ಕೂತರು.

"ಶುರು ಮಾಡು."

ಲೈಬ್ರರಿಯಮ್ಮ ನಕ್ಷತ್ರ ನೋಡಿ ಗರ್ಜಿಸಿದಳು. ಪಕ್ಕದಿಂದ ಗೊಟಕ್ ಎಂಬ ಶಬ್ದ ಬಂತು. ತಿರುಗಿದರೆ ಪರದೆ ಕಪ್ಪು, ಯಜಮಾನರು ಕೆಂಪು. ಕುರ್ಚಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಉಸಿರಿಗೆ ತಡಕಾಡುತ್ತಿದ್ದರು. ಆಕೆಗೆ ಗಾಬರಿಯಾಯಿತು.

"ರೀ, ಏನಾಯ್ತು? ನೀರು ತರ್ಲಾ?"

"ಅಮ್ಮ," ಎಂದರು ಯಜಮಾನರು. "ಅಮ್ಮ ಹುಲಿಯಾದ್ಲು."

"ಯಾರಮ್ಮ?"

"ನಮ್ಮಮ್ಮ. ಆಮೇಲೆ ದೊಡ್ಡಪ್ಪ. ಆಮೇಲೆ ನಿನ್ನ ತಂಗಿ. ಸಾಲಾಗಿ, ಒಬ್ಬೊಬ್ಬರೇ..." ಬೆರಳು ಆಕೆಯ ಬೆನ್ನ ಹಿಂದಿನ ಗೋಡೆಗೆ ಚಾಚಿತು.

ಗೋಡೆಯ ಮೇಲೆ ಅವರ ಮದುವೆಯ ದಿನ ತೆಗೆಸಿದ ದೊಡ್ಡ ಗ್ರೂಪ್ ಫೋಟೋ. ಮೂರು ಸಾಲು, ನಲವತ್ತಮೂರು ಮುಖ. ಮುಂದಿನ ಸಾಲಿನ ನಡುವೆ ಯಜಮಾನರ ತಾಯಿ. ಜೀವಮಾನದಲ್ಲಿ ಒಮ್ಮೆಯೂ ಕ್ಯಾಮೆರಾಕ್ಕೆ ಹಲ್ಲು ತೋರಿಸದ ಅತ್ತೆ, ಈಗಷ್ಟೇ ನಾಲ್ಕು ಕೋರೆಹಲ್ಲು ತೋರಿಸಿ ಹೋಗಿದ್ದರು.

ಲೈಬ್ರರಿಯಮ್ಮ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು. ಒತ್ತಿಕೊಂಡದ್ದು ಸಾಲಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು "ದೊಡ್ಡಪ್ಪ" ಎನ್ನುವುದು, ಮತ್ತೆ ಮೊದಲಿನಿಂದ ಶುರು.

"ಓವರ್‌ಲೋಡ್," ಎಂದರು ಯಜಮಾನರು ಕಣ್ಣೊರೆಸಿಕೊಂಡು. "ಆರು ಜನದ ಲಿಫ್ಟಿಗೆ ನಲವತ್ಮೂರು ಜನ ಹತ್ತಿದ್ರೆ ನಿಲ್ಲದೆ ಇನ್ನೇನು ಮಾಡತ್ತೆ? ಹಳೇ ಕ್ಯಾಮೆರಾಕ್ಕೆ ಗೋಡೆ ಮೇಲಿನವರು ಕಾಣ್ತಾನೇ ಇರ್ಲಿಲ್ಲ. ನಾವು ಹೊಸದು ತಂದು, ದೀಪ ಬೇರೆ ಹಿಡಿದು, ಎಲ್ಲರನ್ನೂ ಕರೆದು ಹತ್ತಿಸಿದ್ವಿ."

"ಬೆಟ್ಟ ಅಗೆದು ಹುಲಿ ಹಿಡಿದ ಹಾಗಾಯ್ತು."

"ಅದಿರ್ಲಿ, ಎಲ್ಲರಿಗೂ ವೇಷ ಹಾಕು ಅಂತ ಇದಕ್ಕೆ ಹೇಳಿದವರು ಯಾರು?" ಯಜಮಾನರು ಮೂಗಿನ ತುದಿಗೆ ಕನ್ನಡಕ ಇಳಿಸಿ ಸೆಟ್ಟಿಂಗ್ಸ್ ಹುಡುಕಿದರು. ಅಲ್ಲೊಂದು ಪ್ರಶ್ನೆ ಇತ್ತು: ಯಾರಿಗೆ? ಒಬ್ಬರಿಗೆ, ಎಲ್ಲರಿಗೂ. "ಎಲ್ಲರಿಗೂ" ಎಂಬುದರ ಎದುರು ಸರಿ ಗುರುತು.

ಯಜಮಾನರು ಹೆಂಡತಿಯ ಕಡೆ ತಿರುಗಿದರು.

"ಅದು ಮೊದಲ ದಿನವೇ ಕೇಳ್ತು," ಎಂದಳು ಲೈಬ್ರರಿಯಮ್ಮ ಸಣ್ಣ ದನಿಯಲ್ಲಿ. "ನೀವೂ ಮನೆಯಲ್ಲೇ ಇದ್ರಿ. ಒಬ್ಬರಿಗೆ ಅಂತ ಹೇಗೆ ಒತ್ತಲಿ? ಪಂಕ್ತಿಭೇದ ಮಾಡಿದ ಹಾಗಾಗಲ್ವಾ?"

"ಹುಲಿಗೂ ಪಂಕ್ತಿಭೇದ ಬೇಡ ಅಂದ್ಯಾ?"

"ಬಡಿಸೋ ಕೈ ನೋಡ್ರೀ. ಒಬ್ಬರಿಗೇ ಅಂತ ಬರಲ್ಲ."

ಆ ಕೈಯ ಬದಲು ಯಜಮಾನರ ಕೈ "ಒಬ್ಬರಿಗೆ" ಎಂದು ಒತ್ತಿತು. ದೀಪ ಉರಿಯುತ್ತಿದ್ದಂತೆಯೇ ಹುಲಿ ಹತ್ತು ನಿಮಿಷ ಬದುಕಿತು, ಇಪ್ಪತ್ತು ನಿಮಿಷ ಬದುಕಿತು. ಅಲಂಕಾರದ ಪಟ್ಟಿಯಲ್ಲಿ ಕನ್ನಡಕ ಹುಡುಕಿದರೆ ಸಿಕ್ಕಿದ್ದು ಮೂರೇ: ಈಜುವವರದು, ಕಡಲ್ಗಳ್ಳನ ಒಂಟಿ ಕಣ್ಣಿನ ಪಟ್ಟಿ, ದುಂಡನೆಯ ಹಸಿರು ಕಟ್ಟಿನದು. ಹಸಿರು ಕಟ್ಟಿನದನ್ನು ಹಾಕಿದರು. ಹುಲಿ ತುಸು ಸಿಟ್ಟಿಗೆದ್ದ ಹೆಡ್‌ಮಾಸ್ಟರಿನಂತೆ ಕಂಡಿತು.

ನಾಲ್ಕಕ್ಕೆ ಸರಿಯಾಗಿ ಕರೆ ಬಂತು.

"ಹುಲೀ," ಎಂದಳು ಗುಬ್ಬಿ, ಮೂಗನ್ನು ಪರದೆಗೆ ತಾಗಿಸಿ. "ನೀನು ಸತ್ತಿಲ್ವಾ?"

"ಜ್ವರ ಬಂದಿತ್ತು. ಡಾಕ್ಟರು ಕನ್ನಡಕ ಕೊಟ್ರು, ವಾಸಿಯಾಯ್ತು," ಎಂದು ಹುಲಿ ಗರ್ಜಿಸಿತು.

"ಜ್ವರಕ್ಕೆ ಕನ್ನಡಕ ಕೊಡಲ್ಲ."

ಹುಲಿ ತಬ್ಬಿಬ್ಬಾಯಿತು. ಕನ್ನಡಕ ಹಾಕಿದ ಮೇಲೆ ಜಿಂಕೆಯ ಲೆಕ್ಕ ತಪ್ಪುತ್ತಿಲ್ಲ ಎಂದಿತು, ರಾತ್ರಿ ಮರ ಎಡವುತ್ತಿಲ್ಲ ಎಂದಿತು. ಗುಬ್ಬಿ ಎಲ್ಲ ಕೇಳಿಸಿಕೊಂಡು, "ನಂಗೆ ಬೇಡ," ಎಂದಳು. ಅದಕ್ಕೆ ಉತ್ತರವಾಗಿ ಗರ್ಜಿಸಲು ಹೋದ ಹುಲಿಯ ಗಂಟಲು ಕಟ್ಟಿ ಕೀಚಲು ದನಿ ಹೊರಟಿತು.

ಗಂಟಲು ಕಟ್ಟಿದ್ದು ಯಜಮಾನರಿಗೆ ಕೇಳಿಸಿತು. ಲೋಟದಲ್ಲಿ ಬಿಸಿನೀರು, ಅದಕ್ಕೊಂದು ಚಮಚ ಜೇನು ಬೆರೆಸಿ, ಶಬ್ದವಾಗದಂತೆ ತುದಿಗಾಲಲ್ಲಿ ಬಂದು, ಕ್ಯಾಮೆರಾದ ಮುಂದೆಯೇ ಬಗ್ಗಿ ಲೋಟ ಇಟ್ಟರು. ಸಾಫ್ಟ್‌ವೇರಿಗೆ ಹೇಳಿದ್ದು "ಒಬ್ಬರಿಗೆ" ಎಂದಷ್ಟೇ. ಯಾರಿಗೆ ಎಂದು ಹೇಳಿರಲಿಲ್ಲ. ಹತ್ತಿರ ಬಂದ ಮುಖ ದೊಡ್ಡದು ಎಂದು ಹುಲಿ ಒಂದೇ ನೆಗೆತಕ್ಕೆ ಹೆಂಡತಿಯನ್ನು ಬಿಟ್ಟು ಗಂಡನ ಮೇಲೆ ಹಾರಿತು.

ನಕ್ಷತ್ರ ಬಿಟ್ಟು ಪರದೆ ನೋಡಿದ ಲೈಬ್ರರಿಯಮ್ಮನಿಗೆ ಕಂಡದ್ದು ತನ್ನದೇ ಬೋಳು ಮುಖ. ಮುಗಿಯಿತು, ಇನ್ನು ಗುಬ್ಬಿ ಫ್ಯಾನು ನೋಡುತ್ತಾಳೆ.

ಗುಬ್ಬಿ ಫ್ಯಾನು ನೋಡಲಿಲ್ಲ.

"ಹುಲಿ ಹಾರ್ತು! ತಾತನ ಅಂಗಿ ಮೇಲೆ ಹುಲಿ ಕೂತಿದೆ. ಹುಲಿ ಜಾಗದಲ್ಲಿ ಯಾರು?"

"ನಾನು ಕಣೋ. ಅಜ್ಜಿ."

"ಅಜ್ಜಿ ಕಾಣಲ್ಲ. ಹುಲಿ ಕಾಣತ್ತೆ, ಕಿತ್ತಳೆ ಬಣ್ಣ. ಅಜ್ಜಿ ಯಾವಾಗ್ಲೂ ಗೋಡೆ ಥರ."

ಲೈಬ್ರರಿಯಮ್ಮನ ಕೈ ಲೋಟದ ಮೇಲೆಯೇ ನಿಂತಿತು. ಇಷ್ಟು ದಿನ ಮಗು ಮುನಿಸಿಕೊಂಡಿರಲಿಲ್ಲ. ಒರೆಸಿದ ಸ್ಲೇಟಿನ ಜೊತೆ ಯಾರು ತಾನೇ ಮಾತಾಡುತ್ತಾರೆ?

"ಅಜ್ಜೀ, ನಿನ್ನ ಮೇಲೆ ಪಟ್ಟೆ ಉಳಿದಿದ್ಯಾ?"

ಲೈಬ್ರರಿಯಮ್ಮ ಒಂದು ಗುಟುಕು ಜೇನುನೀರು ಕುಡಿದಳು. "ಹೇಗೆ ಹೇಳಲಿ? ನೀನೇ ನೋಡಿ ಹೇಳಬೇಕು."

"ಕಾಣಲ್ಲ ಅಂದ್ನಲ್ಲ."

"ನಂಗೂ ಅಷ್ಟೇ. ಕನ್ನಡಕ ತೆಗೆದ್ರೆ ನೋಡು," ಎಂದು ತನ್ನದನ್ನು ತೆಗೆದಿಟ್ಟು, ಓದುವ ದೀಪದ ಕಡೆ ತಿರುಗಿ ಅಕ್ಕರೆಯಿಂದ ಕೇಳಿದಳು: "ಗುಬ್ಬೀ, ಯಾಕೋ ಇಷ್ಟು ಸಣ್ಣಗಾಗಿದ್ದೀಯ? ಕುತ್ತಿಗೆ ಒಂದೇ ಉಳಿದಿದೆಯಲ್ಲೋ!"

"ಅದು ದೀಪ!" ಗುಬ್ಬಿ ಕಿಲಕಿಲ ನಕ್ಕಳು. "ಅಜ್ಜಿ ದೀಪದ ಹತ್ರ ಮಾತಾಡ್ತಾಳೆ!"

ಧಡಧಡ ಓಡಿದ ಸದ್ದು. "ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ, ಎಲ್ಲಿಟ್ಟಿದ್ದೆಯೇ ಅದನ್ನ?" ಎಂಬ ಮಗಳ ದನಿ. ಗುಬ್ಬಿ ಮರಳಿದಾಗ ಮೂಗಿನ ಮೇಲೆ ಕೆಂಪು ಕಟ್ಟಿನ ಕನ್ನಡಕ ಸೊಟ್ಟಗೆ ಕೂತಿತ್ತು, ಅದಕ್ಕೆ ಹಿಟ್ಟು ಮೆತ್ತಿತ್ತು. ಅಂಗಿಯ ತುದಿಯಿಂದ ಒರೆಸಿಕೊಂಡು ಮತ್ತೆ ಹಾಕಿದಳು. ಅಜ್ಜಿಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಪಟ್ಟೆ ಇದೆ," ಎಂದಳು ಕೊನೆಗೆ. "ಹಣೆ ಮೇಲೆ ಮೂರು. ಕಣ್ಣಿನ ಪಕ್ಕ ಸಣ್ಣ ಸಣ್ಣವು. ನಗಬೇಡ, ಜಾಸ್ತಿ ಆಗ್ತಿವೆ."

ನಗದೆ ಇರುವುದು ಹೇಗೆ? ಪಟ್ಟೆಗಳು ಹೆಚ್ಚುತ್ತಲೇ ಹೋದವು. ಪಕ್ಕದಲ್ಲಿ ಕನ್ನಡಕ ತೊಟ್ಟ ಹುಲಿ ಯಜಮಾನರ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಿತು.

"ಅಜ್ಜೀ, ನಿನ್ನ ಹಿಂದೆ ಗೋಡೆ ತುಂಬಾ ಜನ! ಒಬ್ಬ ಅಜ್ಜಿ ಸಿಟ್ಟು ಮಾಡ್ಕೊಂಡಿದಾಳೆ. ಯಾರವರು? ಮೊದಲು ಇರ್ಲಿಲ್ಲ."

"ಮೊದಲಿಂದಲೂ ಇದ್ರು ಪುಟ್ಟಾ."

"ಅವರನ್ನೂ ಹುಲಿ ಮಾಡು. ಎಲ್ಲರನ್ನೂ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ನಿಂತುಹೋಗತ್ತೆ," ಎಂದರು ಯಜಮಾನರು.

"ಹುಲಿ ಸಾಯಲ್ಲ ಗುಬ್ಬೀ, ಜಾಗ ಸಾಲದೆ ಲಿಫ್ಟು ನಿಲ್ಲತ್ತೆ ಅಷ್ಟೇ," ಎಂದು ಮೊದಲೇ ಹೇಳಿ, ಲೈಬ್ರರಿಯಮ್ಮ ಬಡಿಸುವ ಕೈಯಿಂದ "ಎಲ್ಲರಿಗೂ" ಎಂದು ಒತ್ತಿದಳು. ಅಜ್ಜಿ ಹುಲಿಯಾದಳು, ತಾತ ಹುಲಿಯಾದರು, ಸಿಟ್ಟಿನ ಅಜ್ಜಿ ಹುಲಿಯಾದರು, ದೊಡ್ಡಪ್ಪ, ತಂಗಿ, ಎರಡನೆಯ ಸಾಲು. ಗುಬ್ಬಿ ಬೆರಳು ಮಡಿಚಿ ಎಣಿಸುತ್ತಾ ಕಿರುಚುತ್ತಿದ್ದಳು. ಹತ್ತೊಂಬತ್ತಕ್ಕೆ ಪರದೆ ಕಪ್ಪಾಯಿತು.

ಕ್ಷಣದಲ್ಲೇ ಫೋನು ಬಡಿದುಕೊಂಡಿತು. "ಕನ್ನಡಕ ಇನ್ನೂ ಮೂಗಿನ ಮೇಲೇ ಇದೆ, ಅಮ್ಮಾ," ಎಂದಳು ಮಗಳು, ನಗುವೋ ಅಳುವೋ ತಿಳಿಯದ ದನಿಯಲ್ಲಿ. ಹಿಂದಿನಿಂದ ಗುಬ್ಬಿಯ ಕೂಗು: "ಇನ್ನೊಂದ್ಸಲ! ಹಿಂದಿನ ಸಾಲು ನೋಡಿಲ್ಲ!"

ಯಜಮಾನರು ಡೈರಿ ತೆರೆದು ಹುಲಿ ನಿಂತ ಹೊತ್ತು ಬರೆದರು. ಕಾರಣ ಎಂಬಲ್ಲಿ ತುಸು ಯೋಚಿಸಿ, "ಮೊಮ್ಮಗಳು ಕೇಳಿದಳು" ಎಂದು ಬರೆದು, ಮತ್ತೆ ಲ್ಯಾಪ್‌ಟಾಪಿನ ಗುಂಡಿ ಒತ್ತಿದರು.